ಅಂಗಳಕ್ಕೆ ಬಂದ ವೆನಿಲ್ಲಾ

2003ರ ಮಳೆಗಾಲ ಮುಗಿಯುತ್ತಿದ್ದಂತೆ ದಕ್ಷಿಣ ಕನ್ನಡ, ಕೊಡಗು, ಉತ್ತರ ಕನ್ನಡದ ತೋಟಗಳಲ್ಲಿ ರಾತ್ರಿ ಕಾವಲು ಬಿಗಿಯಾಯಿತು. ಅಡಿಕೆ, ತೆಂಗು, ಕಾಳುಮೆಣಸಿಗೆ ಕಳ್ಳರ ಕಾಟ ಹೊಸದಲ್ಲ. ಅದಕ್ಕೆ ಒಂದು ನಾಯಿ, ಒಂದು ಟಾರ್ಚು ಸಾಕಾಗುತ್ತಿತ್ತು. ಈ ಸಲ ಕಾಯಬೇಕಿದ್ದದ್ದು ಎದೆಯೆತ್ತರದಲ್ಲಿ, ಕೈಗೆ ಸಿಗುವಂತೆ ತೂಗುತ್ತಿದ್ದ ಹಸಿರು ಕೋಡುಗಳ ಗೊಂಚಲನ್ನು. ಹಸಿಯಾಗಿದ್ದಾಗ ಅದಕ್ಕೆ ಪರಿಮಳವಿಲ್ಲ, ದನವೂ ಮೂಸುವುದಿಲ್ಲ. ಆದರೆ ಆ ವರ್ಷ ಅದರ ಬೆಲೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತ್ತು. ಕಿಲೋಗೆ ಐವತ್ತು, ಅರವತ್ತು ಕೋಡು ಎಂದು ಹಿಡಿದರೂ ಒಂದೊಂದಕ್ಕೆ ಐವತ್ತು ರೂಪಾಯಿ. ಕತ್ತಲಲ್ಲಿ ಒಂದೇ ಒಂದು ಗೊಂಚಲು ಮುರಿದು ಚೀಲಕ್ಕೆ ತುಂಬಿಕೊಂಡರೆ ಕೂಲಿಯಾಳಿನ ವಾರದ ದುಡಿಮೆ ಬಂದಂತೆ.

ಎರಡೇ ವರ್ಷ. ಅದೇ ಕೋಡು ಕಿಲೋಗೆ ನೂರು ರೂಪಾಯಿಗಿಂತ ಕೆಳಗಿಳಿಯಿತು. ಕೇಳುವವರೇ ಇಲ್ಲದ ದಿನಗಳೂ ಬಂದವು.

ಇದನ್ನು ಮಲೆನಾಡು, ಕರಾವಳಿಯ ಕೃಷಿಕರ ದುರಾಸೆಯ ಕತೆಯಾಗಿ ಹೇಳಿ ಮುಗಿಸುವುದು ಸುಲಭ. ಆಗ ಪೇಟೆಯಲ್ಲಿ ಕುಳಿತ ಅನೇಕರು ಹಾಗೆಯೇ ಹೇಳಿದರು. ವೆನಿಲ್ಲಾದ ಇನ್ನೂರು ವರ್ಷದ ಹಿನ್ನೆಲೆ ಗೊತ್ತಿದ್ದರೆ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುವುದಿಲ್ಲ. ಈ ಬಳ್ಳಿಯ ಹೂ ಮುಟ್ಟುವ ಕೈ ಒಂದು ಕಡೆ, ಕೋಡಿಗೆ ಬೆಲೆ ಕಟ್ಟುವ ಕೈ ಸಮುದ್ರದಾಚೆ. ಪುತ್ತೂರು, ಶಿರಸಿಯ ಅಂಗಳಕ್ಕೆ ಬಳ್ಳಿ ಬರುವ ಎಷ್ಟೋ ಮೊದಲೇ ಈ ಏರ್ಪಾಡು ಕುದುರಿಹೋಗಿತ್ತು.

ವೆನಿಲ್ಲಾ ಒಂದು ಆರ್ಕಿಡ್. ಸಾವಿರಾರು ಜಾತಿಯ ಆರ್ಕಿಡ್‌ಗಳಲ್ಲಿ ಹೂವಿನ ಚೆಂದಕ್ಕಲ್ಲದೆ ತಿನ್ನುವ ಪದಾರ್ಥಕ್ಕಾಗಿ ಜಗತ್ತಿನಾದ್ಯಂತ ಬೆಳೆಯುವುದು ಹೆಚ್ಚುಕಡಿಮೆ ಇದೊಂದನ್ನೇ. ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬಿಸಿ, ತೇವದ ಕಾಡು. ಮೆಕ್ಸಿಕೊದ ಪೂರ್ವ ಕರಾವಳಿಯ ಪಾಪಾಂತ್ಲ ಸುತ್ತಿನ ತೊತೊನಾಕ್ ಜನ ಕೋಡನ್ನು ಹದಮಾಡಿ ಬಳಸುತ್ತಿದ್ದರು. ಅಜ್ಟೆಕ್ ದೊರೆಗಳು ಅದನ್ನು ಕಪ್ಪವಾಗಿ ವಸೂಲಿ ಮಾಡಿ ಕೋಕೋ ಪಾನೀಯಕ್ಕೆ ಬೆರೆಸುತ್ತಿದ್ದರು. 1552ರಲ್ಲಿ ಮೆಕ್ಸಿಕೊದ ಸ್ಥಳೀಯ ವೈದ್ಯನೊಬ್ಬ ಬರೆದ ಗಿಡಮೂಲಿಕೆಗಳ ಹಸ್ತಪ್ರತಿಯಲ್ಲಿ ಈ ಬಳ್ಳಿಯ ಚಿತ್ರವಿದೆ. ಸ್ಪೇನಿನವರು ಚಾಕೊಲೇಟಿನ ಜೊತೆಗೆ ಇದನ್ನೂ ಯೂರೋಪಿಗೆ ಒಯ್ದರು. ಅಲ್ಲಿನ ಶ್ರೀಮಂತರ ನಾಲಿಗೆಗೆ ರುಚಿ ಹತ್ತಿತು. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್‌ಸನ್ ತನ್ನ ಕೈಯಾರೆ ಬರೆದಿಟ್ಟ ವೆನಿಲ್ಲಾ ಐಸ್‌ಕ್ರೀಮಿನ ಪಾಕವಿಧಾನ ಇಂದಿಗೂ ಅಲ್ಲಿನ ಸಂಸತ್ ಗ್ರಂಥಾಲಯದಲ್ಲಿ ಉಳಿದಿದೆ.

ರುಚಿ ಹತ್ತಿದ ಮೇಲೆ ಬಳ್ಳಿಯನ್ನೇ ಬೆಳೆಸಬೇಕು ಅನ್ನಿಸದಿರುತ್ತದೆಯೇ? ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಲಂಡನ್ ಬಳಿಯ ಒಂದು ಗಾಜಿನ ಮನೆಯಲ್ಲಿ ವೆನಿಲ್ಲಾ ಹೂಬಿಟ್ಟಿತು. ಅಂಥ ಗಾಜಿನ ಮನೆಗಳಿಂದ ತುಂಡು ಬಳ್ಳಿಗಳು ಕೈಯಿಂದ ಕೈಗೆ ದಾಟುತ್ತಾ 1820ರ ಹೊತ್ತಿಗೆ ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪ ರಿಯೂನಿಯನ್ ತಲುಪಿದವು. ಆಗ ಅದರ ಹೆಸರು ಬೂರ್ಬನ್. ಬಳ್ಳಿ ಸೊಂಪಾಗಿ ಹಬ್ಬಿತು. ಹೂವೂ ಬಂತು. ಕೋಡು ಮಾತ್ರ ಬರಲಿಲ್ಲ.

ಕಾರಣ ಹೂವಿನ ಒಳಗೇ ಇತ್ತು. ವೆನಿಲ್ಲಾ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಉಂಟು, ಒಂದರ ಪಕ್ಕ ಒಂದು. ನಡುವೆ ತೆಳ್ಳಗಿನ ಒಂದು ಪೊರೆ ಪರದೆಯಂತೆ ಇಳಿಬಿದ್ದಿರುತ್ತದೆ. ಅದನ್ನು ಎತ್ತಿ ಪರಾಗವನ್ನು ದಾಟಿಸಲು ತವರಿನ ಕಾಡಿನಲ್ಲಿ ಕೆಲವು ಬಗೆಯ ಜೇನ್ನೊಣಗಳಿವೆ. ಉಳಿದ ದೇಶಗಳಲ್ಲಿ ಅವು ಇಲ್ಲ. ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನ ದಾಟುವಷ್ಟರಲ್ಲಿ ಬಾಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಯಾರಾದರೂ ಪರದೆ ಎತ್ತದಿದ್ದರೆ ಮರುದಿನ ಹೂ ಉದುರುತ್ತದೆ. ಬೆಲ್ಜಿಯಂನ ಸಸ್ಯವಿಜ್ಞಾನಿ ಚಾರ್ಲ್ಸ್ ಮೋರೆನ್ 1836ರಲ್ಲಿ ಲಿಯೇಜ್‌ನ ಗಾಜಿನ ಮನೆಯಲ್ಲಿ ಕೈಯಿಂದಲೇ ಪರಾಗ ಮುಟ್ಟಿಸಿ ಕೋಡು ಪಡೆದ. ಮರುವರ್ಷ ಪ್ಯಾರಿಸ್ಸಿನಲ್ಲಿಯೂ ಅದು ಸಾಧ್ಯವಾಯಿತು. ಆದರೆ ಆ ವಿಧಾನಗಳು ಪ್ರಯೋಗಾಲಯದ ನಾಜೂಕಿನವು, ತೋಟದ ಕೆಲಸಕ್ಕೆ ಒಗ್ಗುವಂಥವಲ್ಲ.

ತೋಟಕ್ಕೆ ಒಗ್ಗುವ ವಿಧಾನ ಹೊಳೆದದ್ದು ಹನ್ನೆರಡು ವರ್ಷದ ಗುಲಾಮ ಹುಡುಗನಿಗೆ.

ಎಡ್ಮಂಡ್ 1829ರಲ್ಲಿ ರಿಯೂನಿಯನ್‌ನ ಸೇಂಟ್ ಸುಝಾನ್ ಎಂಬಲ್ಲಿ ಹುಟ್ಟಿದವನು. ಹೆರಿಗೆಯಲ್ಲೇ ತಾಯಿ ತೀರಿಕೊಂಡಳು. ಗುಲಾಮರಿಗೆ ಆ ಕಾಲದಲ್ಲಿ ಮನೆತನದ ಹೆಸರೂ ಇರಲಿಲ್ಲ. ಫೆರಿಯೋಲ್ ಬೆಲಿಯೆ ಬೋಮಾಂ ಎಂಬ ತೋಟದ ಯಜಮಾನ ಅವನನ್ನು ಮನೆಯಲ್ಲಿಟ್ಟು ಸಾಕಿದ. ಯಜಮಾನನಿಗೆ ಗಿಡಗಳ ಹುಚ್ಚು. ಹುಡುಗ ಅವನ ಬೆನ್ನಿಗೇ ತಿರುಗುತ್ತಾ ಕುಂಬಳದ ಜಾತಿಯ ಬಳ್ಳಿಗಳಲ್ಲಿ ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸುವುದನ್ನು ಕಲಿತಿದ್ದ. ಆ ತೋಟದಲ್ಲಿ ಇಪ್ಪತ್ತು ವರ್ಷದಿಂದ ಬಂಜೆಯಾಗಿಯೇ ಉಳಿದಿದ್ದ ಒಂದು ವೆನಿಲ್ಲಾ ಬಳ್ಳಿಯಿತ್ತು. 1841ರ ಒಂದು ಬೆಳಿಗ್ಗೆ ಯಜಮಾನ ನೋಡುತ್ತಾನೆ, ಎರಡು ಕೋಡು! ಅದನ್ನು ಮಾಡಿದ್ದು ನಾನೇ ಎಂದು ಹುಡುಗ ಹೇಳಿದಾಗ ಮೊದಲು ನಂಬಲಿಲ್ಲ. ಕೆಲವು ದಿನಗಳಲ್ಲಿ ಇನ್ನೊಂದು ಕಚ್ಚಿತು. ಆಗ ಮಾಡಿ ತೋರಿಸು ಎಂದ. ಹುಡುಗ ಹೂವಿನ ತುಟಿಯಂಥ ಎಸಳನ್ನು ಸರಿಸಿ, ಸಣ್ಣ ಕಡ್ಡಿಯಿಂದ ಪರದೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗದ ಮುದ್ದೆಯನ್ನು ಕೆಳಕ್ಕೆ ಒತ್ತಿದ. ಅಷ್ಟೇ. ಕೈ ಪಳಗಿದವರಿಗೆ ಒಂದು ಹೂವಿಗೆ ಕೆಲವು ಕ್ಷಣ ಸಾಕು.

ಇಂದಿಗೂ ಮಡಗಾಸ್ಕರದಲ್ಲಿ, ಇಂಡೊನೇಷ್ಯಾದಲ್ಲಿ, ಉಗಾಂಡದಲ್ಲಿ, ಕೊಡಗಿನಲ್ಲಿ ಪರಾಗಸ್ಪರ್ಶ ಮಾಡುವವರು ಅನುಸರಿಸುವುದು ಅದೇ ಕೈಚಳಕವನ್ನು. ಯಂತ್ರ ಬಂದಿಲ್ಲ, ಔಷಧಿ ಬಂದಿಲ್ಲ. ಕಡ್ಡಿಯೂ ಹೆಚ್ಚೇನೂ ಬದಲಾಗಿಲ್ಲ.

ಯಜಮಾನ ಎಡ್ಮಂಡನನ್ನು ದ್ವೀಪದ ಬೇರೆ ಬೇರೆ ತೋಟಗಳಿಗೆ ಕಳುಹಿಸಿ ಅಲ್ಲಿನ ಗುಲಾಮರಿಗೆ ಈ ವಿದ್ಯೆ ಹೇಳಿಕೊಡಿಸಿದ. ಫಲ ಬೇಗ ಕಂಡಿತು. 1848ರಲ್ಲಿ ರಿಯೂನಿಯನ್‌ನಿಂದ ಹೊರಟ ಒಣ ಕೋಡು ಸುಮಾರು 50 ಕಿಲೋ, 1858ಕ್ಕೆ 2 ಟನ್, 1867ಕ್ಕೆ 20, 1898ಕ್ಕೆ 200 ಟನ್. ಶತಮಾನಗಳ ಕಾಲ ಏಕಸ್ವಾಮ್ಯ ಅನುಭವಿಸಿದ್ದ ಮೆಕ್ಸಿಕೊವನ್ನು ಈ ಪುಟ್ಟ ದ್ವೀಪ ಹಿಂದೆ ಹಾಕಿತು. ಹಸಿ ಕೋಡನ್ನು ಬಿಸಿನೀರಿನಲ್ಲಿ ಅದ್ದಿ ಹದಮಾಡುವ ಕ್ರಮವನ್ನೂ ಶತಮಾನದ ನಡುಭಾಗದಲ್ಲಿ ಅಲ್ಲಿನ ಎರ್ನೆಸ್ಟ್ ಲೂಪಿ, ಡೇವಿಡ್ ದ ಫ್ಲೋರಿಸ್ ಮೊದಲಾದ ಬೆಳೆಗಾರರು ರೂಢಿಸಿದರು.

ಇದೆಲ್ಲದರ ಮೂಲಪುರುಷನಿಗೆ ದಕ್ಕಿದ್ದೇನು? 1848ರ ಡಿಸೆಂಬರಿನಲ್ಲಿ ದ್ವೀಪದ ಗುಲಾಮರೆಲ್ಲ ಬಿಡುಗಡೆಯಾದಾಗ ಅವನಿಗೊಂದು ಅಡ್ಡಹೆಸರು ಸಿಕ್ಕಿತು, ಆಲ್ಬಿಯುಸ್. ರಾಜಧಾನಿ ಸೇಂಟ್ ಡೆನಿಸ್‌ಗೆ ಹೋಗಿ ಅಡುಗೆಮನೆಯಲ್ಲಿ ಕೂಲಿಗೆ ಸೇರಿದ. ಒಡವೆ ಕಳ್ಳತನದ ಪ್ರಕರಣದಲ್ಲಿ ಸೆರೆಮನೆ ಸೇರಿದ. ದ್ವೀಪಕ್ಕೆ ಅವನಿಂದಾದ ಉಪಕಾರವನ್ನು ನೆನೆಯಿರಿ ಎಂದು ಹಳೆಯ ಯಜಮಾನ ಮೊರೆಯಿಟ್ಟದ್ದರಿಂದ ಅವಧಿಗೆ ಮೊದಲೇ ಹೊರಬಂದ. ಅಷ್ಟರಲ್ಲಿ ಸಸ್ಯವಿಜ್ಞಾನಿ ಜಾಂ ಮಿಶೆಲ್ ಕ್ಲೋಡ್ ರಿಶಾರ್, ಈ ವಿಧಾನವನ್ನು ದ್ವೀಪಕ್ಕೆ ತೋರಿಸಿಕೊಟ್ಟವನು ತಾನು ಎಂದು ಹೇಳಿಕೊಳ್ಳತೊಡಗಿದ್ದ. ಅದನ್ನು ಅಲ್ಲಗಳೆದು ಬೆಲಿಯೆ ಬೋಮಾಂ ಬರೆದ ಪತ್ರ ಉಳಿದದ್ದರಿಂದ ಹುಡುಗನ ಹೆಸರೂ ಉಳಿಯಿತು. ಆಂಟೊಯಿನ್ ರೂಸ್ಸಿನ್ ಎಂಬ ಕಲಾವಿದ 1863ರಲ್ಲಿ ಮುದ್ರಿಸಿದ ಚಿತ್ರವೊಂದರಲ್ಲಿ ಎಡ್ಮಂಡ್ ಒಳ್ಳೆಯ ಕೋಟು ತೊಟ್ಟು, ಕೈಯಲ್ಲಿ ವೆನಿಲ್ಲಾ ಬಳ್ಳಿ ಹಿಡಿದು ನಿಂತಿದ್ದಾನೆ. ಕೋಟು ಕಂಡು ಮೋಸಹೋಗಬಾರದು. 1880ರಲ್ಲಿ ಸೇಂಟ್ ಸುಝಾನ್‌ನ ಆಸ್ಪತ್ರೆಯಲ್ಲಿ ಅವನು ಸತ್ತದ್ದು ಕಡುಬಡತನದಲ್ಲಿ.

ಇತ್ತ ಯೂರೋಪಿನಲ್ಲಿ ಇನ್ನೊಂದು ಬೆಳವಣಿಗೆ ನಡೆದಿತ್ತು. ಎರಡೇ ಸಾಲಿನಲ್ಲಿ ಹೇಳಿ ಮುಂದೆ ಹೋಗಬಹುದಾದರೂ ನಮ್ಮ ಅಂಗಳದ ಬಳ್ಳಿಯ ಹಣೆಬರಹ ಬರೆದದ್ದು ಇದೇ. ಫ್ರಾನ್ಸಿನ ಗೋಬ್ಲಿ 1858ರಲ್ಲಿ ಕೋಡಿನಿಂದ ಪರಿಮಳದ ಮುಖ್ಯ ವಸ್ತು ವೆನಿಲಿನ್ ಅನ್ನು ಬೇರ್ಪಡಿಸಿದ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಅದನ್ನು ಪೈನ್ ಮರದಲ್ಲಿ ಸಿಗುವ ಒಂದು ವಸ್ತುವಿನಿಂದ ತಯಾರಿಸಿ ತೋರಿಸಿದರು, ಹೋಲ್ಟ್ಸ್‌ಮಿಂಡನ್ ಊರಿನಲ್ಲಿ ಕಾರ್ಖಾನೆ ತೆರೆದರು. ಮುಂದೆ ಕಾಗದದ ಕಾರ್ಖಾನೆಯ ಹೊರಸುರಿಯಿಂದ, ಆಮೇಲೆ ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ ವೆನಿಲಿನ್ ಬಂತು. ಜಗತ್ತು ಇಂದು ತಿನ್ನುವ ವೆನಿಲ್ಲಾ ಪರಿಮಳದಲ್ಲಿ ನಿಜವಾದ ಕೋಡಿನದು ನೂರರಲ್ಲಿ ಒಂದು ಪಾಲೂ ಇಲ್ಲ. ಮಂಗಳೂರು, ಉಡುಪಿಯ ಐಸ್‌ಕ್ರೀಂ ಪಾರ್ಲರುಗಳಲ್ಲಿ ಗಡ್‌ಬಡ್ ತಿನ್ನುವವರಿಗೆ ಪರಿಚಯವಿರುವ ವೆನಿಲ್ಲಾ ಬಹುಮಟ್ಟಿಗೆ ಸೀಸೆಯಿಂದ ಬಂದದ್ದು. ಐವತ್ತು ಕಿಲೋಮೀಟರ್ ಆಚೆಯ ತೋಟದಲ್ಲಿ ಅಸಲಿ ಕೋಡು ತೂಗುತ್ತಿದ್ದ ವರ್ಷಗಳಲ್ಲೂ ಹಾಗೆಯೇ ಇತ್ತು.

ರಿಯೂನಿಯನ್‌ನಿಂದ ಬಳ್ಳಿ ಮಡಗಾಸ್ಕರಕ್ಕೆ ದಾಟಿತು. ಅದರ ಈಶಾನ್ಯ ಕರಾವಳಿಯ ಅಂತಾಲಾಹ, ಸಾಂಬಾವ ಸುತ್ತಿನ ಮಳೆಯ ಪ್ರದೇಶ ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನ ವೆನಿಲ್ಲಾ ಕಣಜವಾಯಿತು. ಹೂವು ಮುಟ್ಟಲು ಬೇಕಾದದ್ದು ಅಗ್ಗದ ಕೂಲಿ, ಅದು ಅಲ್ಲಿ ಸಿಕ್ಕಿತು. ಕೋಡು ಇನ್ನೂ ಎಳೆಯದಾಗಿರುವಾಗಲೇ ಬೆಳೆಗಾರರು ಮುಳ್ಳು, ಗುಂಡುಸೂಜಿ ಚುಚ್ಚಿ ತಮ್ಮ ಗುರುತು ಮೂಡಿಸುತ್ತಾರೆ. ಬಲಿತ ಮೇಲೂ ಆ ಚುಕ್ಕೆಗಳು ಅಳಿಯುವುದಿಲ್ಲ, ಕದ್ದ ಮಾಲು ಎಲ್ಲಿ ಕಂಡರೂ ಪತ್ತೆಯಾಗುತ್ತದೆ. ನಮ್ಮ ತೋಟದವರು 2003ರಲ್ಲಿ ಕಂಡ ಕಳ್ಳರ ಕಾಟ ಈ ಬೆಳೆಗೆ ಎಷ್ಟು ಹಳೆಯದು ಎಂಬುದಕ್ಕೆ ಇದೊಂದು ಸಾಕ್ಷಿ.

ಭಾರತಕ್ಕೆ ಬ್ರಿಟಿಷರ ಕಾಲದಲ್ಲೇ ವೆನಿಲ್ಲಾ ಬಂದಿತ್ತು. ದಕ್ಷಿಣ ಭಾರತದ ಕಾಡುಗಳಲ್ಲಿ ಎಲೆಯಿಲ್ಲದ ವೆನಿಲ್ಲಾ ಜಾತಿಗಳೂ ಇವೆ, ಆದರೆ ಅವುಗಳ ಕೋಡಿಗೆ ವ್ಯಾಪಾರದ ಬೆಲೆಯಿಲ್ಲ. ನೀಲಗಿರಿಯ ಇಳಿಜಾರಿನ ಕಲ್ಲಾರ್ ಬರ್ಲಿಯಾರ್, ವಯನಾಡಿನ ಅಂಬಲವಯಲ್‌ನಂಥ ಸರ್ಕಾರಿ ತೋಟಗಳಲ್ಲಿ ಮೆಕ್ಸಿಕೊದ ಬಳ್ಳಿ ದಶಕಗಟ್ಟಲೆ ಪ್ರಾಯೋಗಿಕ ಬೆಳೆಯಾಗಿಯೇ ಉಳಿಯಿತು. ಅದು ರೈತರ ಕಡೆ ಹೊರಳಿದ್ದು 1990ರ ದಶಕದಲ್ಲಿ. ಕೊಚ್ಚಿಯ ಸಂಬಾರ ಮಂಡಳಿ ಬಳ್ಳಿಗೆ ಸಹಾಯಧನ ಕೊಟ್ಟು ಪ್ರಚಾರ ಮಾಡಿತು. ಕರ್ನಾಟಕ, ಕೇರಳ, ತಮಿಳುನಾಡಿನಲ್ಲಿ ಬೆಳೆ ಹರಡಿತು. ಪ್ರಯೋಗಕ್ಕೆ ಕೈಹಾಕುವ ಚಟವಿರುವ ಅಡಿಕೆ ಕೃಷಿಕರು ಒಬ್ಬರಿಂದೊಬ್ಬರು ತುಂಡು ಬಳ್ಳಿ ತಂದು ಮನೆಯ ಹತ್ತಿರ, ಬಚ್ಚಲು ನೀರು ಹರಿಯುವ ಕಡೆ ನೆಟ್ಟರು. ಇಪ್ಪತ್ತು, ಐವತ್ತು ಬಳ್ಳಿ, ಅಷ್ಟೇ. ಅದು ಆಗಿನ್ನೂ ಹವ್ಯಾಸ.

ಬೆಳೆಯ ಸ್ವಭಾವವೂ ಅಂಗಳಕ್ಕೇ ಹೇಳಿ ಮಾಡಿಸಿದ್ದು. ಬೇರು ಆಳಕ್ಕಿಳಿಯುವುದಿಲ್ಲ, ಮೇಲುಮಣ್ಣಿನ ತರಗೆಲೆ, ಕೊಳೆತ ಸೊಪ್ಪಿನಲ್ಲೇ ಹರಡಿಕೊಳ್ಳುತ್ತದೆ. ಪೂರ್ಣ ಬಿಸಿಲು ಆಗದು, ಪೂರ್ಣ ನೆರಳೂ ಆಗದು. ಒಂದು ಮೀಟರ್ ಉದ್ದದ ತುಂಡನ್ನು ಗ್ಲಿರಿಸೀಡಿಯಾ, ಹಾಲಿವಾಣದಂಥ ಮರದ ಬುಡಕ್ಕೆ ಹಚ್ಚಿದರೆ ಹಿಡಿದುಕೊಂಡು ಹತ್ತುತ್ತದೆ. ಹತ್ತಲು ಬಿಟ್ಟರೆ ತೆಂಗಿನೆತ್ತರಕ್ಕೂ ಹೋದೀತು. ಆದ್ದರಿಂದ ಎದೆಯೆತ್ತರದ ಕವಲಿಗೆ ಬಂದೊಡನೆ ಅದನ್ನು ಮಡಚಿ ಕೆಳಕ್ಕೆ ಇಳಿಬಿಡಬೇಕು. ಮೂರನೆಯ ವರ್ಷಕ್ಕೆ ಹೂ. ಚಳಿಗಾಲದ ಒಣಹವೆ, ತುದಿ ಚಿವುಟಿದ ಪೆಟ್ಟು, ಇವೆರಡೂ ಬಳ್ಳಿಯನ್ನು ಹೂವಿಗೆ ತರುತ್ತವೆ. ನಮ್ಮಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ತಿಳಿಹಸಿರು ಬಣ್ಣದ ಹೂಗೊಂಚಲು. ಒಂದು ಗೊಂಚಲಿನಲ್ಲಿ ಹದಿನೈದಿಪ್ಪತ್ತು ಮೊಗ್ಗು, ದಿನಕ್ಕೆ ಒಂದೋ ಎರಡೋ ಅರಳುತ್ತವೆ. ಹಾಗಾಗಿ ಹೂವಿನ ಕಾಲದಲ್ಲಿ ದಿನವೂ ಬೆಳಿಗ್ಗೆ ಎಲ್ಲ ಬಳ್ಳಿಗಳನ್ನೂ ಸುತ್ತಲೇಬೇಕು. ಮದುವೆ, ಮುಂಜಿ, ಜಾತ್ರೆ ಎಂದು ಒಂದು ದಿನ ತಪ್ಪಿಸಿದರೆ ಅಂದಿನ ಹೂವಷ್ಟೂ ಹೋಯಿತು.

ಈ ಸುತ್ತುವ ಕೆಲಸ ಹೆಚ್ಚಾಗಿ ಬಿದ್ದದ್ದು ಹೆಂಗಸರ ಮೇಲೆ. ಹಾಲು ಕರೆದು, ದೋಸೆ ಎರೆದು ಮುಗಿಸಿ ಹಿಡಿಕಡ್ಡಿಯ ಚೂರೊಂದನ್ನು ಹಿಡಿದು ತೋಟಕ್ಕಿಳಿದರೆ ಹತ್ತು, ಹನ್ನೊಂದು ಗಂಟೆಯವರೆಗೆ ಹೂವಿನ ಕೆಲಸ. ಕೈ ಪಳಗಿದವರು ದಿನಕ್ಕೆ ಸಾವಿರ ಹೂ ಮುಟ್ಟಿಸುತ್ತಾರೆ. ಗೊಂಚಲಿನ ಎಲ್ಲ ಹೂವಿಗೂ ಮುಟ್ಟಿಸುವ ಆಸೆಗೆ ಬಿದ್ದರೆ ಕೋಡು ಸಣ್ಣದಾಗುತ್ತದೆ, ಬಳ್ಳಿ ಸೊರಗುತ್ತದೆ. ಎಂಟೋ ಹತ್ತೋ ಸಾಕು ಎಂದು ನಿಲ್ಲಿಸುವ ಲೆಕ್ಕಾಚಾರವೂ ಅವರದೇ. ವೆನಿಲ್ಲಾದ ಬಗ್ಗೆ ನಡೆದ ಸಭೆ, ಕಮ್ಮಟಗಳ ವೇದಿಕೆಯ ಮೇಲೆ ಕಂಡವರು ಹೆಚ್ಚಾಗಿ ಗಂಡಸರು. ರಿಯೂನಿಯನ್‌ನಲ್ಲೂ ಹೂವಿನ ಕೆಲಸ ನಿಧಾನವಾಗಿ ಹೆಂಗಸರ ಕೈಗೇ ಹೋಯಿತು ಎಂಬುದನ್ನು ಇಲ್ಲಿ ನೆನೆಯಬಹುದು.

ಹವ್ಯಾಸವನ್ನು ಜ್ವರವಾಗಿಸಿದ್ದು ಒಂದು ಚಂಡಮಾರುತ. 2000ದ ಏಪ್ರಿಲ್ ಆರಂಭದಲ್ಲಿ ಹುಡಾ ಎಂಬ ಚಂಡಮಾರುತ ಅಂತಾಲಾಹದ ಮೇಲೆ ಎರಗಿತು. ಬಳ್ಳಿಗಳು ನೆಲಕಚ್ಚಿದವು, ಗೋದಾಮಿನ ದಾಸ್ತಾನು ಹಾಳಾಯಿತು. 2002ರಲ್ಲಿ ಮಡಗಾಸ್ಕರದ ರಾಜಕೀಯ ಬಿಕ್ಕಟ್ಟು ಸಾಗಣೆಯನ್ನೂ ಕಟ್ಟಿಹಾಕಿತು. ಹೊಸ ಬಳ್ಳಿ ಫಲಕ್ಕೆ ಬರಲು ಮೂರು ವರ್ಷ ಬೇಕಾದ್ದರಿಂದ ಕೊರತೆ ತಕ್ಷಣ ತುಂಬುವಂಥದ್ದಲ್ಲ. ಕೆಲವೇ ವರ್ಷ ಹಿಂದೆ ಕಿಲೋಗೆ ಐವತ್ತು ಡಾಲರ್ ಮುಟ್ಟಲೂ ಏದುಸಿರು ಬಿಡುತ್ತಿದ್ದ ಒಣ ವೆನಿಲ್ಲಾ 2003ಕ್ಕೆ ಐನೂರು ಡಾಲರ್ ಸುತ್ತಮುತ್ತ ಬಂದು ನಿಂತಿತು.

ಇತ್ತ ಅದೇ ವರ್ಷಗಳಲ್ಲಿ ಕರ್ನಾಟಕದ ಮಲೆನಾಡು, ಕರಾವಳಿಗೆ ಬೇರೆಯದೇ ಬರ ಬಂದಿತ್ತು. ತೊಂಬತ್ತರ ದಶಕದ ಕೊನೆಗೆ ಮುಗಿಲು ಮುಟ್ಟಿದ್ದ ಅಡಿಕೆ ಧಾರಣೆ 2000ದ ನಂತರ ಕುಸಿಯಿತು. ಕಾಳುಮೆಣಸಿನದೂ ಅದೇ ದಾರಿ. ಕಾಫಿಯಂತೂ ಜಗತ್ತಿನಾದ್ಯಂತ ನೆಲಕಚ್ಚಿ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರನ್ನು ಸಾಲಕ್ಕೆ ನೂಕಿತ್ತು. ತೋಟದ ಮೂರು ಕಂಬಗಳೂ ಒಟ್ಟಿಗೆ ಅಲುಗಾಡುತ್ತಿದ್ದಾಗ ಹಿತ್ತಿಲಲ್ಲಿ ಹವ್ಯಾಸಕ್ಕೆ ಬೆಳೆದ ಬಳ್ಳಿಯ ಹತ್ತು ಕಿಲೋ ಹಸಿ ಬೀನ್ಸ್ ಮೂವತ್ತು ಸಾವಿರ ರೂಪಾಯಿ ತಂದುಕೊಟ್ಟಿತು. ಅದನ್ನು ಕಣ್ಣಾರೆ ಕಂಡ ನೆರೆಮನೆಯವರು ಸುಮ್ಮನಿರಬೇಕಿತ್ತು ಎನ್ನುವವರು ಅಂದಿನ ಅಡಿಕೆ ಮಂಡಿಯ ಚೀಟಿಯನ್ನೊಮ್ಮೆ ನೋಡಬೇಕು.

ಆಮೇಲಿನದು ಅನೇಕರಿಗೆ ನೆನಪಿರುವ ಇತಿಹಾಸ. ಬಳ್ಳಿ ಮೀಟರ್ ಲೆಕ್ಕದಲ್ಲಿ ಮಾರಾಟವಾಯಿತು. ಕೋಡಿಗಿಂತ ಬಳ್ಳಿ ಮಾರಿದವರೇ ಹೆಚ್ಚು ದುಡ್ಡು ಮಾಡಿದರು ಎಂದು ಹಳಬರು ಈಗಲೂ ಹೇಳುವುದುಂಟು. ಬೆಲೆಯ ಜ್ವರ ಹತ್ತಿದ ಬೆಳೆಗಳಲ್ಲೆಲ್ಲ ಹೀಗೇ ಆಗುತ್ತದೆ. ಅಡಿಕೆ ಮರಗಳ ನಡುವೆ, ಕಾಫಿಯ ನೆರಳಲ್ಲಿ, ನೆರಳುಬಲೆಯ ಕೆಳಗೆ, ಕೊನೆಗೆ ಮನೆಯ ಚಪ್ಪರದ ಕಂಬಕ್ಕೂ ವೆನಿಲ್ಲಾ ಹತ್ತಿತು. ಬ್ಯಾಂಕುಗಳು ಸಾಲ ಕೊಟ್ಟವು. ಕೃಷಿ ಪುಟಗಳಲ್ಲಿ ಯಶಸ್ಸಿನ ಕತೆಗಳು ತುಂಬಿದವು. ಹಸಿ ಬೀನ್ಸ್ ಕೊಳ್ಳಲು ದಲ್ಲಾಳಿಗಳು ಜೀಪು ತಂದು ಅಂಗಳದಲ್ಲೇ ನಗದು ಎಣಿಸಿದರು. ಕಳ್ಳರ ಭಯಕ್ಕೆ ಅನೇಕರು ಎಂಟು ಒಂಬತ್ತು ತಿಂಗಳು ಕಾಯದೆ ಎಳೆಯ ಕೋಡನ್ನೇ ಕೊಯ್ದರು. ಎಳೆ ಕೋಡಿನಲ್ಲಿ ವೆನಿಲಿನ್ ಕಮ್ಮಿ. ಹಾಗೆ ಕೊಯ್ದ ಮಾಲು ಕೊಳ್ಳುವವರ ಮುಂದೆ ಇಡೀ ಪ್ರದೇಶದ ಹೆಸರಿಗೆ ಮಸಿ.

ಕೋಡನ್ನು ಹದಮಾಡುವುದೂ ಅಡಿಕೆ ಬೇಯಿಸಿದಷ್ಟು ಸರಳವಲ್ಲ. ಬಲಿತ ಹಸಿರು ಕೋಡನ್ನು 63ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು ಮೂರು ನಿಮಿಷ ಅದ್ದಬೇಕು. ನೀರು ಹೆಚ್ಚು ಬಿಸಿಯಾದರೆ ಬೆಂದು ಹಾಳು, ಕಮ್ಮಿಯಾದರೆ ಕೋಡು ಸಾಯುವುದಿಲ್ಲ. ಮೇಲೆತ್ತಿ ಕಂಬಳಿಯಲ್ಲಿ ಸುತ್ತಿ ಬೆವರಲು ಬಿಟ್ಟರೆ ಎರಡು ದಿನಕ್ಕೆ ಚಾಕೊಲೇಟ್ ಬಣ್ಣ, ಮೊದಲ ಪರಿಮಳ. ಅನಂತರ ದಿನಕ್ಕೆ ಒಂದೆರಡು ಗಂಟೆ ಬಿಸಿಲು, ಮತ್ತೆ ಕಂಬಳಿ. ವಾರಗಟ್ಟಲೆ ನೆರಳಿನಲ್ಲಿ ಆರಿಸುವುದು. ಕೊನೆಗೆ ಮೇಣದ ಕಾಗದ ಹಾಸಿದ ಮರದ ಪೆಟ್ಟಿಗೆಯಲ್ಲಿ ಎರಡು ಮೂರು ತಿಂಗಳು ಮಾಗಿಸುವುದು. ದಿನವೂ ಒಂದೊಂದನ್ನೂ ತಿರುವಿ ಬೂಷ್ಟು ಹಿಡಿದಿದೆಯೇ ನೋಡಬೇಕು. ಐದಾರು ಕಿಲೋ ಹಸಿ ಕೋಡು ಒಣಗಿ ಒಂದು ಕಿಲೋ ಆಗುತ್ತದೆ. ಇಷ್ಟು ಕಲಿತು, ಇಷ್ಟು ಕಾದವರು ನಮ್ಮಲ್ಲಿ ಕೆಲವರೇ. ಉಳಿದವರೆಲ್ಲ ಹಸಿ ಮಾರಿದವರು, ಅಂದರೆ ದಲ್ಲಾಳಿ ಹೇಳಿದ ಬೆಲೆಗೆ ಕಾಯಬೇಕಾದವರು.

ಬಿದ್ದದ್ದು ಹೇಗೆ? 2004ರ ಮಾರ್ಚಿನಲ್ಲಿ ಗಾಫಿಲೊ ಎಂಬ ಇನ್ನೊಂದು ಭೀಕರ ಚಂಡಮಾರುತ ಮತ್ತೆ ಅಂತಾಲಾಹಕ್ಕೇ ಅಪ್ಪಳಿಸಿತು. ಬೆಲೆ ಇನ್ನೂ ಏರುತ್ತದೆ ಎಂದು ಇಲ್ಲಿ ಕಾದವರಿದ್ದರು. ಆದದ್ದು ಉಲ್ಟಾ. ಹುಡಾದ ನಂತರ ನೆಟ್ಟ ಬಳ್ಳಿಗಳು ಮಡಗಾಸ್ಕರದಲ್ಲೂ, ಉಗಾಂಡ, ಪಪುವಾ ನ್ಯೂಗಿನಿ, ಇಂಡೊನೇಷ್ಯಾ, ಭಾರತದಲ್ಲೂ ಒಟ್ಟಿಗೇ ಫಲಕ್ಕೆ ಬಂದಿದ್ದವು. ಅಷ್ಟರಲ್ಲಿ ಅಮೆರಿಕ, ಯೂರೋಪಿನ ಐಸ್‌ಕ್ರೀಂ, ಬಿಸ್ಕತ್ತು, ತಂಪುಪಾನೀಯದ ಕಂಪನಿಗಳು ಐನೂರು ಡಾಲರಿನ ಕೋಡನ್ನು ಬಿಟ್ಟು ಹತ್ತಿಪ್ಪತ್ತು ಡಾಲರಿನ ಕೃತಕ ವೆನಿಲಿನ್ ಕಡೆಗೆ ತಿರುಗಿಯಾಗಿತ್ತು. ಪಾಕ ಒಮ್ಮೆ ಬದಲಾಯಿಸಿದವರು ಬೆಲೆ ಇಳಿದೊಡನೆ ಓಡಿ ಬರುವುದಿಲ್ಲ. ಇಡೀ ಜಗತ್ತಿನ ಒಣ ವೆನಿಲ್ಲಾ ಬೇಡಿಕೆ ವರ್ಷಕ್ಕೆ ಎರಡು ಸಾವಿರ ಟನ್ ಆಸುಪಾಸು. ಅಷ್ಟು ಚಿಕ್ಕ ಪೇಟೆಯಲ್ಲಿ ಕೆಲವು ನೂರು ಟನ್ ಹೆಚ್ಚಾದರೂ ಬೆಲೆ ಪಾತಾಳಕ್ಕೆ. 2005ರಲ್ಲಿ ಒಣ ಕೋಡು ಐವತ್ತು ಡಾಲರಿಗಿಂತ ಕೆಳಗಿತ್ತು.

ಸಾಲದ್ದಕ್ಕೆ ರೋಗ. ಮೆಕ್ಸಿಕೊದಿಂದ ಹೊರಬಿದ್ದ ಬೆರಳೆಣಿಕೆಯ ತುಂಡುಗಳಿಂದಲೇ ಹಿಂದೂ ಮಹಾಸಾಗರದ ವೆನಿಲ್ಲಾವೆಲ್ಲ ಹುಟ್ಟಿದ್ದು. ಬೀಜದಿಂದಲ್ಲ, ಬಳ್ಳಿಯಿಂದ ಬಳ್ಳಿ. ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲುತ್ತದೆ. ಫ್ಯುಸೇರಿಯಂ ಶಿಲೀಂಧ್ರದ ಬೇರುಕೊಳೆ ನಮ್ಮ ಜೋರು ಮಳೆಯಲ್ಲಿ, ದಟ್ಟವಾಗಿ ಹಬ್ಬಿಸಿದ ತೋಟಗಳಲ್ಲಿ ಹಬ್ಬವನ್ನೇ ಮಾಡಿತು. ಬೆಲೆಯಿದ್ದಾಗ ದಿನಕ್ಕೆರಡು ಸಲ ಬುಡ ನೋಡುತ್ತಿದ್ದವರು ಬೆಲೆ ಹೋದ ಮೇಲೆ ನೋಡಲು ಹೋಗಲಿಲ್ಲ. ಕಿತ್ತು ಗೊಬ್ಬರದ ಗುಂಡಿಗೆ ಹಾಕಿದವರು ಕೆಲವರು, ಹಾಗೆಯೇ ಬಿಟ್ಟವರು ಬಹಳ.

ಬೆಲೆಯ ಚಕ್ರ ಅಲ್ಲಿಗೇ ನಿಲ್ಲಲಿಲ್ಲ. 2015ರ ಫೆಬ್ರುವರಿಯಲ್ಲಿ ನೆಸ್ಲೆಯ ಅಮೆರಿಕ ಶಾಖೆ ತನ್ನ ಚಾಕೊಲೇಟುಗಳಿಂದ ಕೃತಕ ಪರಿಮಳವನ್ನು ತೆಗೆದುಹಾಕುವುದಾಗಿ ಸಾರಿತು. ಬೇರೆ ಕಂಪನಿಗಳೂ ಹಿಂಬಾಲಿಸಿದವು. ಅಸಲಿ ಕೋಡಿನ ಬೆಲೆ ಮತ್ತೆ ಏರತೊಡಗಿತು. 2017ರ ಮಾರ್ಚಿನಲ್ಲಿ ಎನಾವೊ ಚಂಡಮಾರುತ ಮಡಗಾಸ್ಕರಕ್ಕೆ ಬಡಿದ ಮೇಲೆ ಒಣ ವೆನಿಲ್ಲಾ ಕಿಲೋಗೆ ಆರುನೂರು ಡಾಲರ್ ಮುಟ್ಟಿ, ಬೆಳ್ಳಿಗಿಂತ ದುಬಾರಿ ಎಂಬ ಸುದ್ದಿ ಎಲ್ಲೆಡೆ ಹರಿದಾಡಿತು. ಇಲ್ಲಿಯ ಕೆಲವು ಯುವಕರು ನೆರಳುಬಲೆ ಕಟ್ಟಿ ಮತ್ತೆ ನೆಟ್ಟರು. 2003 ನೋಡಿದ್ದ ಹಿರಿಯರು ತಲೆಯಾಡಿಸಿದರು. 2020ರಲ್ಲಿ ಮಡಗಾಸ್ಕರ ಸರ್ಕಾರ ಕಿಲೋಗೆ 250 ಡಾಲರಿಗಿಂತ ಕಮ್ಮಿಗೆ ರಫ್ತು ಮಾಡಬಾರದು ಎಂದು ಕಟ್ಟಳೆ ಮಾಡಿತು, 2023ರಲ್ಲಿ ಅದನ್ನು ಹಿಂತೆಗೆದುಕೊಂಡಿತು, ಬೆಲೆ ಮತ್ತೆ ಜಾರಿತು. ಚಕ್ರ ಇನ್ನೂ ತಿರುಗುತ್ತಲೇ ಇದೆ.

ಈ ನಡುವೆ ಹಿತ್ತಿಲಿನಲ್ಲಿ ಬಿಟ್ಟ ಬಳ್ಳಿ ಏನಾಯಿತು? ಅನೇಕ ಮನೆಗಳಲ್ಲಿ ಅದು ಸಾಯಲಿಲ್ಲ. ಗ್ಲಿರಿಸೀಡಿಯಾದಿಂದ ಹಲಸಿಗೆ, ಹಲಸಿನಿಂದ ಹಂಚಿನ ಮಾಡಿಗೆ ಹತ್ತಿ, ದಪ್ಪ ಹಸಿರು ಎಲೆಯ ಅಲಂಕಾರದ ಬಳ್ಳಿಯಾಗಿ ಉಳಿಯಿತು. ಮುಟ್ಟಿಸುವ ಕೈಯಿಲ್ಲದ್ದರಿಂದ ಹೂ ಬಿಟ್ಟರೂ ಉದುರುತ್ತದೆ. ರಿಯೂನಿಯನ್ ಕೂಡ ಇಂದು ಜಗತ್ತಿಗೆ ಟನ್‌ಗಟ್ಟಲೆ ಕಳುಹಿಸುವ ದ್ವೀಪವಾಗಿ ಉಳಿದಿಲ್ಲ. ಅಲ್ಲಿನ ಬೆಳೆಗಾರರು ಕೊಂಚವೇ ಬೆಳೆದು, ತಾವೇ ಹದಮಾಡಿ, ಪ್ರವಾಸಿಗರ ಕೈಗೆ ಒಳ್ಳೆಯ ಬೆಲೆಗೆ ಮಾರುತ್ತಾರೆ. ಕೊಡಗಿನ ಹೋಂಸ್ಟೇಗಳಿಗೂ, ಶಿರಸಿ, ಪುತ್ತೂರಿನ ಮನೆಗಳಿಗೂ ಒಗ್ಗುವ ದಾರಿ ಅದು. ನಾಲ್ಕು ಬಳ್ಳಿಗೆ ದಲ್ಲಾಳಿ ಬೇಕಾಗುವುದಿಲ್ಲ, ಮಡಗಾಸ್ಕರದ ಗಾಳಿಯ ಸುದ್ದಿಗೆ ಕಿವಿಗೊಡಬೇಕಾಗುವುದೂ ಇಲ್ಲ.

ಮನೆಬಳಕೆಗೆ ಬೆಳೆಯುವವರು ಮೊದಲು ಮಾಡಬೇಕಾದದ್ದು ಮಾಡು ಹತ್ತಿದ ಬಳ್ಳಿಯನ್ನು ಮಳೆಗಾಲ ಮುಗಿದ ಮೇಲೆ ಇಳಿಸಿ, ಕೈಗೆಟಕುವ ಎತ್ತರದಲ್ಲಿ ಮಡಚಿ ಹಾಕುವುದು. ತುದಿಯನ್ನು ನಾಲ್ಕೈದು ಇಂಚು ಚಿವುಟಿ, ಬುಡಕ್ಕೆ ತರಗೆಲೆ ಹೊದಿಸಿ, ನೀರು ಕಮ್ಮಿ ಮಾಡಿದರೆ ಹೂವಿಗೆ ಬರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಕಡ್ಡಿ ಹಿಡಿದು ನಿಂತರೆ ಮೊದಲ ನಾಲ್ಕು ಹೂ ಹಾಳಾದಾವು, ಐದನೆಯದಕ್ಕೆ ಬೆರಳು ಕಲಿಯುತ್ತದೆ. ಕಚ್ಚಿದ ಹೂ ಉದುರದೆ ತುದಿಗೆ ಒಣಗಿ ಅಂಟಿಕೊಂಡಿರುತ್ತದೆ. ಒಂಬತ್ತನೆಯ ತಿಂಗಳಿಗೆ ಕೋಡಿನ ತುದಿ ಹಳದಿಯಾದಾಗ ಕೊಯ್ದರೆ ಸರಿ. ಹದ ಮಾಡಿದ ಐದಾರು ಕೋಡು ಒಂದು ಮನೆಗೆ ವರ್ಷಕ್ಕೆ ಸಾಕು. ಪಾಯಸದ ಹಾಲು ಕುದಿಯುವಾಗ ಅರ್ಧ ಕೋಡು ಸೀಳಿ ಒಳಗಿನ ಕಪ್ಪು ಬೀಜವನ್ನು ಕೆರೆದು ಹಾಕಿ, ಉಳಿದ ಸಿಪ್ಪೆಯನ್ನು ಸಕ್ಕರೆ ಡಬ್ಬಿಯಲ್ಲಿ ಹುಗಿದಿಟ್ಟರೆ ಹದಿನೈದು ದಿನದಲ್ಲಿ ಸಕ್ಕರೆಗೂ ಪರಿಮಳ ಹಿಡಿಯುತ್ತದೆ.